ಗಡಿ ದಾಟಿದ ಜೀವನಾಂಶ: ವಿಳಾಸ ಕೇಳಿ ಬರುವ ಪತ್ರದ ನೂರು ವರ್ಷ



ವಡೋದರಾದಿಂದ ಅಹಮದಾಬಾದಿಗೆ ಇಂದು ಎರಡು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆಗೆ ಮನೆ ಸೇರುವವರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ಆದರೆ ಒಂದು ಕಾಲದಲ್ಲಿ ಈ ಎರಡು ಊರುಗಳ ನಡುವೆ ಕಾನೂನಿನ ಗಡಿಯೊಂದಿತ್ತು. ಅಹಮದಾಬಾದ್ ಮತ್ತು ಸೂರತ್ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ವಡೋದರಾ ಗಾಯಕವಾಡ ಮಹಾರಾಜರ ಬರೋಡಾ ಸಂಸ್ಥಾನದ ರಾಜಧಾನಿ. ಅಲ್ಲಿನ ಕಾನೂನು ಬೇರೆ, ನ್ಯಾಯಾಲಯ ಬೇರೆ. 1949ರ ಮೇ 1ರಂದು ಬರೋಡಾ ಮುಂಬಯಿಯಲ್ಲಿ ವಿಲೀನವಾದ ಮೇಲೆ ಆ ಗಡಿ ಅಳಿಯಿತು.

ನಮ್ಮ ಕರ್ನಾಟಕದ ಕಥೆಯೂ ಇದೇ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಬೆಂಗಳೂರು, ಮೈಸೂರು, ದಾವಣಗೆರೆಗಳು ಒಡೆಯರ ಸಂಸ್ಥಾನದಲ್ಲಿದ್ದವು. ಹೀಗಾಗಿ ರಾಣೇಬೆನ್ನೂರಿನ ಹೆಣ್ಣುಮಗಳೊಬ್ಬಳಿಗೆ ನೂರಾರು ಮೈಲಿ ದೂರದ ಸೂರತ್ ಕಾನೂನಿನ ಲೆಕ್ಕದಲ್ಲಿ ಒಳಗಿನ ಊರು, ತುಂಗಭದ್ರೆಯ ಆಚೆ ದಡದ ಹರಿಹರ ಹೊರಗಿನ ಊರು! ಕೈಬಿಟ್ಟು ಹೋದ ಗಂಡ ಹೊಳೆ ದಾಟಿಬಿಟ್ಟರೆ ಮ್ಯಾಜಿಸ್ಟ್ರೇಟರ ಆದೇಶ ಅವನ ಬೆನ್ನು ಹತ್ತುವುದು ಕಷ್ಟವಾಗುತ್ತಿತ್ತು.

ಆ ಆದೇಶವಾದರೂ ಎಷ್ಟು ಹಣದ್ದು? 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನ ಪ್ರಕಾರ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500. ಆ 500ರ ಮಿತಿ 2001ರವರೆಗೂ ಹಾಗೆಯೇ ಉಳಿದಿತ್ತೆಂದರೆ ನಂಬುತ್ತೀರಾ? ಮಿತಿಯನ್ನು ತೆಗೆದುಹಾಕಿದ್ದು ಆ ವರ್ಷದ ತಿದ್ದುಪಡಿ. ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಈ ವಿಷಯವನ್ನು ನೋಡಿಕೊಳ್ಳುತ್ತಿದೆ. ನಾವು ಜೀವನಾಂಶ ಎನ್ನುವುದನ್ನು ಇಲ್ಲಿನ ಗುಜರಾತಿ ಕಾಗದಪತ್ರಗಳಲ್ಲಿ ‘ಭರಣಪೋಷಣ್’ ಎಂದು ಬರೆಯುತ್ತಾರೆ.

ಹಡಗು ಹತ್ತಿ ಹೋದವನನ್ನು ಹುಡುಕುವುದು ಹೇಗೆ?

ಗಂಡ ಸಮುದ್ರವನ್ನೇ ದಾಟಿದರೆ ಏನು ಮಾಡುವುದು? ಬ್ರಿಟಿಷ್ ಸಾಮ್ರಾಜ್ಯದ ತುಂಬಾ ಈ ಪ್ರಶ್ನೆ ಇತ್ತು. ಒಬ್ಬ ಇಂಗ್ಲೆಂಡಿನಲ್ಲಿ ಮದುವೆಯಾಗಿ ನ್ಯೂಜಿಲೆಂಡಿಗೆ ಹೋಗುತ್ತಿದ್ದ, ಇನ್ನೊಬ್ಬ ಅಲ್ಲಿಂದ ಇಲ್ಲಿಗೆ ಬರುತ್ತಿದ್ದ. ಹಿಂದೆ ಉಳಿದ ಹೆಂಡತಿ ಮಕ್ಕಳು ಊರಿನ ದಾನಧರ್ಮಕ್ಕೆ ಬೀಳುತ್ತಿದ್ದರು. 1911ರಲ್ಲಿ ಲಂಡನ್ನಿನ ಸಾಮ್ರಾಜ್ಯ ಸಮ್ಮೇಳನದಲ್ಲಿ ಈ ಮಾತು ಚರ್ಚೆಗೆ ಬಂತು. 1920ರಲ್ಲಿ ಬ್ರಿಟನ್ ಒಂದು ಕಾಯಿದೆ ಮಾಡಿತು. ಅದಕ್ಕೆ ಜೋಡಿಯಾಗಿ ಭಾರತದಲ್ಲಿ 1921ರ ಜೀವನಾಂಶ ಆದೇಶಗಳ ಜಾರಿ ಕಾಯಿದೆ ಬಂತು.

ಈ ಕಾಯಿದೆ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಗಮನಿಸಿ. ಪರಸ್ಪರ ಒಪ್ಪಿಕೊಂಡ ದೇಶದ ನ್ಯಾಯಾಲಯ ಜೀವನಾಂಶದ ಆದೇಶ ಮಾಡಿದ್ದರೆ ಅದರ ದೃಢೀಕೃತ ಪ್ರತಿ ಸರ್ಕಾರದ ಮೂಲಕ ಇಲ್ಲಿಗೆ ಬರಬೇಕು. ಇಲ್ಲಿನ ನ್ಯಾಯಾಲಯ ಅದನ್ನು ನೋಂದಾಯಿಸಿಕೊಂಡರೆ ಅದು ಇಲ್ಲಿಯದೇ ಆದೇಶದಷ್ಟು ಬಲ ಪಡೆಯುತ್ತದೆ. ಗಂಡ ಮೊದಲೇ ಹೊರಟುಹೋಗಿದ್ದರೆ ಹೆಂಡತಿಯ ಊರಿನ ನ್ಯಾಯಾಲಯ ಅವಳ ಸಾಕ್ಷ್ಯ ಪಡೆದು ತಾತ್ಕಾಲಿಕ ಆದೇಶ ಮಾಡಬಹುದು. ಆದರೆ ಅವನಿರುವ ಊರಿನ ನ್ಯಾಯಾಲಯ ಅವನ ಮಾತನ್ನೂ ಕೇಳಿ ಖಾಯಂ ಮಾಡುವ ತನಕ ಅದಕ್ಕೆ ಜೀವವಿಲ್ಲ.

ಈ ಕಡತದೊಂದಿಗೆ ಇನ್ನೊಂದು ಕಾಗದವೂ ಹೋಗಬೇಕು ಎಂದು ಕಾಯಿದೆ ಹೇಳುತ್ತದೆ. ಆ ವ್ಯಕ್ತಿಯನ್ನು ಗುರುತು ಹಿಡಿಯಲು, ಅವನು ಎಲ್ಲಿದ್ದಾನೆಂದು ತಿಳಿಯಲು ನ್ಯಾಯಾಲಯದ ಬಳಿ ಇರುವ ಮಾಹಿತಿಯನ್ನೆಲ್ಲ ಕಳಿಸಬೇಕು. ನನಗೆ ಇಡೀ ಕಾಯಿದೆಯ ಜೀವಾಳ ಈ ಸಾಲೇ ಅನ್ನಿಸುತ್ತದೆ. ತೀರ್ಪು ಎಷ್ಟೇ ನ್ಯಾಯವಾಗಿರಲಿ, ವಿಳಾಸ ಗೊತ್ತಿಲ್ಲದಿದ್ದರೆ ಅದು ಬರೀ ಕಾಗದ. ಪಗಾರ ಎಷ್ಟೆಂದು ಗೊತ್ತಿಲ್ಲದಿದ್ದರೆ ಕೇಳುವ ಮೊತ್ತ ಬರೀ ಅಂದಾಜು.

1921ರ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಹೀಗಾಗಿ ಸೂರತ್ತಿನ ಹೆಂಡತಿಗೆ ಲಂಡನ್ನಿನ ದಾರಿ ತೆರೆದಿದ್ದಾಗಲೂ ಅದೇ ಕಾಯಿದೆ ವಡೋದರಾಕ್ಕೆ ದಾರಿ ತೋರಿಸುತ್ತಿರಲಿಲ್ಲ. ಹಾಗೆಂದು ಸಂಸ್ಥಾನಗಳು ಹಿಂದುಳಿದಿದ್ದವೆಂದಲ್ಲ. ಬರೋಡಾದಲ್ಲಿ 1931ರಲ್ಲೇ ಹಿಂದೂ ವಿಚ್ಛೇದನದ ಕಾನೂನು ಬಂದಿತ್ತು. ಮೈಸೂರು 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಮಾಡಿತು. ಇವೆರಡೂ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿದ್ದ ಹೆಜ್ಜೆಗಳು. ಕೊರತೆ ಇದ್ದದ್ದು ಹಕ್ಕಿನಲ್ಲಿ ಅಲ್ಲ, ಹಕ್ಕನ್ನು ಗಡಿಯಾಚೆಗೆ ಮುಟ್ಟಿಸುವ ಏರ್ಪಾಟಿನಲ್ಲಿ.

ಈ ಗಡಿಗಳ ನೆರಳು ಬೇಗ ಹೋಗಲಿಲ್ಲ. 1948ರಲ್ಲಿ ಗ್ವಾಲಿಯರ್ ನ್ಯಾಯಾಲಯ ಹಣದ ದಾವೆಯೊಂದರಲ್ಲಿ ಕೊಟ್ಟ ಡಿಕ್ರಿಯನ್ನು ಅಲಹಾಬಾದಿನಲ್ಲಿ ಜಾರಿ ಮಾಡಲು ಆಗುವುದಿಲ್ಲ, ಅದು ವಿದೇಶಿ ತೀರ್ಪು ಎಂದು ಸುಪ್ರೀಂ ಕೋರ್ಟು 1962ರಲ್ಲಿ ಹೇಳಿತು. ದೇಶ ಒಂದಾಗಿ ವರ್ಷಗಳು ಕಳೆದಿದ್ದರೂ ಡಿಕ್ರಿ ಹುಟ್ಟಿದ ದಿನದ ಗಡಿಯೇ ಲೆಕ್ಕಕ್ಕೆ ಬಂತು.

ಜಗತ್ತು ಕಟ್ಟಿದ ಹೊಸ ದಾರಿ

1956ರ ಜೂನ್ 20ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಒಂದು ಒಪ್ಪಂದ ರೂಪುಗೊಂಡಿತು. ಪ್ರತಿ ದೇಶದಲ್ಲೂ ಅರ್ಜಿ ಕಳಿಸುವ ಒಂದು ಕಚೇರಿ, ಪಡೆದು ಮುಂದುವರಿಸುವ ಒಂದು ಕಚೇರಿ ಇರಬೇಕು ಎಂಬುದು ಅದರ ಸರಳ ಉಪಾಯ. ನಮ್ಮ ನೆರೆಯ ಶ್ರೀಲಂಕಾ ಮತ್ತು ಪಾಕಿಸ್ತಾನ 1950ರ ದಶಕದಲ್ಲೇ ಸೇರಿದವು. ಭಾರತ ಸೇರಲಿಲ್ಲ.

2007ರ ನವೆಂಬರ್ 23ರಂದು ಹೇಗ್ ನಗರದಲ್ಲಿ ಇನ್ನೂ ವಿಸ್ತಾರವಾದ ಒಪ್ಪಂದ ಬಂತು. ಅದು 2013ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಪ್ರತಿ ದೇಶದ ಕೇಂದ್ರ ಪ್ರಾಧಿಕಾರ ಹಣ ಕೊಡಬೇಕಾದವನನ್ನು ಹುಡುಕಲು, ಅವನ ಆದಾಯ ಮತ್ತು ಆಸ್ತಿಯ ವಿವರ ತಿಳಿಯಲು ನೆರವಾಗಬೇಕು. ಪೂರ್ಣ ಅರ್ಜಿ ಹಾಕುವ ಮೊದಲೇ ‘ಈ ವ್ಯಕ್ತಿ ನಿಮ್ಮಲ್ಲಿದ್ದಾನೆಯೇ’ ಎಂದು ವಿಚಾರಿಸಲೂ ಅವಕಾಶವಿದೆ. ಜೊತೆಗೆ ಒಂದು ಕಡಿವಾಣವೂ ಉಂಟು. ಹೀಗೆ ಪಡೆದ ಮಾಹಿತಿಯನ್ನು ಆ ಕೆಲಸಕ್ಕೆ ಮಾತ್ರ ಬಳಸಬೇಕು. ವಿಳಾಸ ಹೊರಬಿದ್ದರೆ ಯಾರದಾದರೂ ಜೀವಕ್ಕೆ, ಸುರಕ್ಷೆಗೆ ಅಪಾಯವಿದ್ದರೆ ಅದನ್ನು ಹೊರಗೆಡಹಬಾರದು. ಹೊಡೆತ ತಾಳಲಾರದೆ ಮಕ್ಕಳೊಂದಿಗೆ ಮನೆ ಬಿಟ್ಟ ತಾಯಿಯ ವಿಳಾಸ ಹೊಡೆದವನ ಕೈಗೆ ಸಿಗಬಾರದಲ್ಲ!

ಅಮೆರಿಕದಲ್ಲಿ ಈ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಭಾರತ 2008ರಿಂದ ಹೇಗ್ ಸಮ್ಮೇಳನದ ಸದಸ್ಯ. ಸಮನ್ಸ್ ಮುಟ್ಟಿಸುವ, ಸಾಕ್ಷ್ಯ ಪಡೆಯುವ ಹೇಗ್ ಒಪ್ಪಂದಗಳಿಗೆ 2007ರಿಂದಲೇ ಬದ್ಧ. ಆದರೆ ಜೀವನಾಂಶದ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿಲ್ಲ.

ಪರಿಣಾಮವೇನು? ಅಮೆರಿಕದ ಕಚೇರಿಯೊಂದು ‘ನಿಮ್ಮ ಅಹಮದಾಬಾದಿನಲ್ಲಿರುವ ಇಂಥವರ ಪಗಾರವೆಷ್ಟು’ ಎಂದು ಕೇಳಬೇಕೆಂದರೆ ಉತ್ತರಿಸುವ ಹೊಣೆ ಹೊತ್ತ ಕಚೇರಿ ಇಲ್ಲಿಲ್ಲ. ಅಲ್ಲಿನ ನ್ಯಾಯಾಲಯ ಸಾಕ್ಷ್ಯ ಬೇಕೆಂದು ಕೋರಿಕೆ ಪತ್ರ ಕಳಿಸಬಹುದು. ಅದು ಸಿವಿಲ್ ವ್ಯಾಜ್ಯವೆಂದು, ಸಾಕ್ಷಿ ತನ್ನ ವ್ಯಾಪ್ತಿಯಲ್ಲಿದ್ದಾನೆಂದು ಮನವರಿಕೆಯಾದರೆ ನಮ್ಮ ಹೈಕೋರ್ಟು ಕಮಿಷನ್ ನೇಮಿಸಬಹುದು. ದಾರಿ ಇದೆ, ಆದರೆ ಸುತ್ತುದಾರಿ. ಅಷ್ಟರಲ್ಲಿ ಮಗುವಿನ ಶಾಲೆಯ ಫೀಸು ಕಾಯುತ್ತದೆಯೆ? ಇಲ್ಲಿನ ಹೆಂಡತಿ ಅಮೆರಿಕದಲ್ಲಿರುವ ಗಂಡನ ವಿವರ ಕೇಳಿದಾಗಲೂ ಪಾಡು ಹೀಗೆಯೇ.

ತೀರ್ಪಿನ ಜಾರಿಯಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಬ್ರಿಟನ್ನಿನಂಥ ಕೆಲವು ದೇಶಗಳ ಮೇಲಿನ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿಗೆ ಹಾಕಬಹುದು. 2020ರ ಜನವರಿಯಲ್ಲಿ ಅರಬ್ ಸಂಯುಕ್ತ ಸಂಸ್ಥಾನವೂ ಈ ಪಟ್ಟಿ ಸೇರಿತು. ಅಮೆರಿಕ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪು ಹಿಡಿದು ಬಂದವರು ಇಲ್ಲಿ ಮತ್ತೆ ದಾವೆ ಹೂಡಬೇಕು.

1994ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಈ ಕಷ್ಟವನ್ನು ಗಮನಿಸಿ, ನಮ್ಮ ನ್ಯಾಯಾಲಯಗಳ ಡಿಕ್ರಿ ಹೊರದೇಶಗಳಲ್ಲೂ ನಡೆಯುವಂತೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ ಎಂದು ಸೂಚಿಸಿತ್ತು. 2009ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ವಿಭಾಗ ತೆರೆಯಿತು. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಅನಿವಾಸಿಗಳ ಮದುವೆಗಳಿಗೆ ಸಮಗ್ರ ಕಾನೂನು ಬೇಕೆಂದಿತು. ಆ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ.

ನಮ್ಮ ನಿಮ್ಮ ಮನೆಗೆ ಪತ್ರ ಬಂದರೆ

ಬ್ಯಾಂಕು, ತೈಲ ಕಂಪನಿ, ಹೋಟೆಲು ಎಂದು ಗುಜರಾತಿಗೆ ಬಂದು ನೆಲೆಸಿದ ನಮ್ಮ ಮನೆಗಳ ಮಕ್ಕಳು ಇಂದು ದುಬೈ, ಅಮೆರಿಕ, ಕೆನಡಾಗಳಲ್ಲಿದ್ದಾರೆ. ಇಂಥ ಪತ್ರ ನಮ್ಮ ಬಾಗಿಲಿಗೂ ಬರಬಹುದು. ಆಗ ಕೆಲವು ಮಾತು ನೆನಪಿರಲಿ. ಹೇಗ್ ಒಪ್ಪಂದದ ದೇಶಗಳಿಂದ ಸಮನ್ಸ್ ಬರಬೇಕಾದದ್ದು ನಮ್ಮ ಕೇಂದ್ರ ಕಾನೂನು ಸಚಿವಾಲಯದ ಮೂಲಕ. ಅಂಚೆಯಲ್ಲಿ ನೇರವಾಗಿ ಕಳಿಸುವುದನ್ನು ಭಾರತ ಒಪ್ಪಿಲ್ಲ. ಹಾಗೆಂದು ಅಂಚೆಯಲ್ಲಿ ಬಂದದ್ದನ್ನು ಹರಿದು ಬಿಸಾಡಬೇಡಿ, ಗಾಬರಿಯಿಂದ ಉತ್ತರಿಸಲೂ ಹೋಗಬೇಡಿ. ಸುಮ್ಮನಿದ್ದರೆ ಅಲ್ಲಿ ಏಕಪಕ್ಷೀಯ ಆದೇಶವಾಗಬಹುದು. ಉತ್ತರಿಸಿದರೆ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿಕೊಂಡಂತೆ ಆಗಬಹುದು. ಮೊದಲು ವಕೀಲರಿಗೆ ತೋರಿಸಿ. ಫೋನಿನಲ್ಲಿ ಪಗಾರ, ಬ್ಯಾಂಕ್ ಖಾತೆ ಕೇಳುವವರಿಗೆ ಏನನ್ನೂ ಹೇಳಬೇಡಿ.

ಜೀವನಾಂಶ ಕೇಳುವವರಿಗೂ ಒಂದು ಮಾತು. 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ವಿಧಿಸಿತು. ಹೊರದೇಶದಲ್ಲಿರುವವರ ಪೌರತ್ವ, ವಾಸಸ್ಥಳ, ನೌಕರಿ, ವಿದೇಶಿ ಹಣದಲ್ಲಿ ಬರುವ ಆದಾಯಗಳಿಗೆ ಅದರಲ್ಲಿ ಪ್ರತ್ಯೇಕ ಜಾಗವಿದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಕುಟುಂಬ ನ್ಯಾಯಾಲಯಗಳಿವೆ. ಅಲ್ಲಿಗೆ ಹೋಗುವವರ ಕೈಯಲ್ಲಿ ಮದುವೆಯ ನೋಂದಣಿ ಪತ್ರ, ಗಂಡನ ಪಾಸ್‌ಪೋರ್ಟಿನ ಪ್ರತಿ, ವೀಸಾದ ವಿವರ, ಕಂಪನಿಯ ಹೆಸರು, ಹಣ ಕಳಿಸಿದ ಬ್ಯಾಂಕ್ ಚೀಟಿ ಇದ್ದರೆ ಅರ್ಧ ಕೆಲಸ ಆದಂತೆ. ಮಗಳ ಮದುವೆಯಲ್ಲಿ ಒಡವೆಯ ಪಟ್ಟಿ ಬರೆದಿಡುವ ನಾವು ಇವುಗಳ ಒಂದೊಂದು ಪ್ರತಿಯನ್ನೂ ಅದೇ ಪೆಟ್ಟಿಗೆಯಲ್ಲಿ ಇಡೋಣ.