‘ರೆಬೆಲ್’: ಒಂದು ನಿಂದೆಯ ಹಿನ್ನೆಲೆ

ಇಂಗ್ಲಿಷಿನ ‘ರೆಬೆಲ್’ ಎಂಬ ನಿಂದೆಯ ಮಾತು ಲ್ಯಾಟಿನ್ ಮೂಲದ್ದು. ‘ರೆ’ ಎಂದರೆ ಮತ್ತೆ, ‘ಬೆಲ್ಲುಂ’ ಎಂದರೆ ಯುದ್ಧ. ಸೋತು ಶರಣಾದವನು ಮರಳಿ ಆಯುಧ ಹಿಡಿದರೆ ರೋಮನರು ಅವನನ್ನು ಹೀಗೆ ಕರೆಯುತ್ತಿದ್ದರು.

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನಿಗೂ ಬ್ರಿಟಿಷರು ಇದೇ ಹಣೆಪಟ್ಟಿ ಕಟ್ಟಿದರು. ಆದರೆ ಅವರು ಸುರಪುರದ ಆಡಳಿತಕ್ಕೆ ಕೈಯಿಟ್ಟದ್ದು ಯುದ್ಧದಲ್ಲಿ ಗೆದ್ದವರಾಗಿ ಅಲ್ಲ, ಬಾಲರಾಜನ ಪರವಾಗಿ ರಾಜ್ಯ ನೋಡಿಕೊಳ್ಳುವವರಾಗಿ. 1853ರವರೆಗೆ ಮೆಡೋಸ್ ಟೇಲರ್ ನಿರ್ವಹಿಸಿದ್ದು ಈ ಹೊಣೆಯನ್ನೇ. ಸೋತು ಶರಣಾಗದವನು ‘ಮತ್ತೆ’ ಯುದ್ಧ ಹೂಡುವುದೆಂತು?

ಇಲ್ಲಿ ‘ತಿರಸ್ಕಾರ’ ಎಂಬುದೇ ಸರಿಯಾದ ಪದ. ಸಂಸ್ಕೃತದ ‘ತಿರಸ್’ ಎಂದರೆ ಅಡ್ಡ, ಮರೆ. ತಿರಸ್ಕರಿಸುವುದೆಂದರೆ ಬದಿಗೆ ಸರಿಸುವುದು. ನಾಯಕನು ಪರರ ಅಧಿಕಾರವನ್ನು ಬದಿಗೆ ಸರಿಸಿದನು. ಅವನನ್ನು ‘ರೆಬೆಲ್’ ಎಂದುದು ಗೆದ್ದವರ ನಿಘಂಟು.