ಆಟದ ಮೋಟಾರಿಗೆ ಅಲೆಯ ಲಗಾಮು

ಕೈಗೆಟುಕದ ವಸ್ತುವನ್ನು ದೂರದಿಂದಲೇ ನಡೆಸಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ೧೮೯೮ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದಲೇ ನಡೆಸಿ ತೋರಿಸಿದನು. ಆ ವಿದ್ಯೆ ಆಟದ ಮೋಟಾರು ಕಾರಿಗೆ ಇಳಿದು ಅಂಗಡಿಗೆ ಬರಲು ಸುಮಾರು ಎಪ್ಪತ್ತು ವರ್ಷಗಳೇ ಹಿಡಿದವು. ವಾಲ್ವುಗಳ ಭಾರವನ್ನು ಚಿಕ್ಕ ಕಾರು ಹೊರಲಾರದು. ಟ್ರಾನ್ಸಿಸ್ಟರು ಬಂದ ಮೇಲೆ ದಾರಿ ತೆರೆಯಿತು. ೧೯೬೬ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದ ಎಲ್-ಜಿ ಸಂಸ್ಥೆ ಫೆರಾರಿ ಕಾರಿನ ಹನ್ನೆರಡನೆಯ ಒಂದು ಪಾಲಿನ ಪ್ರತಿಕೃತಿಯನ್ನು ಮಾರಾಟಕ್ಕೆ ತಂದಿತು. ೧೯೭೬ರಲ್ಲಿ ಜಪಾನಿನ ತಮಿಯಾ ಸಂಸ್ಥೆಯ ಪೋರ್ಷೆ ೯೩೪ ಬಂದಿತು. ಆಟ ಪಂದ್ಯವಾಯಿತು.

ಆದರೆ ಆ ಕಾಲದ ಪಂದ್ಯವೆಂದರೆ ಮೊದಲು ಅಲೆಗಳ ಹಂಚಿಕೆ. ಅಮೆರಿಕದಲ್ಲಿ ೨೭ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಇಂಥ ಆಟಕ್ಕೆ ದೊರೆತಿದ್ದ ದಾರಿಗಳು ಆರೇ ಆರು. ಒಂದೊಂದು ದಾರಿಗೆ ಒಂದೊಂದು ಸ್ಫಟಿಕ, ಒಂದೊಂದು ಬಣ್ಣದ ಗುರುತು. ಇಬ್ಬರ ಸ್ಫಟಿಕ ಒಂದೇ ಆಯಿತೆಂದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಕಾರು ತಿರುಗುತ್ತಿತ್ತು! ಆದ್ದರಿಂದ ಸರದಿ ಬರುವವರೆಗೆ ಪ್ರೇಷಕಗಳನ್ನು ವ್ಯವಸ್ಥಾಪಕರ ಮೇಜಿನ ಮೇಲೆ ಒಪ್ಪಿಸಿಡುವ ಕಟ್ಟುಪಾಡು ಬೆಳೆಯಿತು. ಮರೆತು ಗುಂಡಿ ಒತ್ತಿದವನು ಅಪರಿಚಿತನೊಬ್ಬನ ಗೆಲುವನ್ನು ಗೋಡೆಗೆ ಅಪ್ಪಳಿಸಿಬಿಡಬಹುದಾಗಿತ್ತು.

ವೇಗದ ಪಾಡು ಇನ್ನೊಂದು. ಚಿಕ್ಕ ಸರ್ವೋ ಯಂತ್ರವೊಂದು ನಿರೋಧಕದ ತಂತಿಯ ಮೇಲೆ ಲೋಹದ ಕಡ್ಡಿಯನ್ನು ಜರುಗಿಸುತ್ತಿತ್ತು. ಕಾರು ನಿಧಾನವಾಗಿ ಹೋಗಬೇಕಾದರೆ ವಿದ್ಯುತ್ತಿನ ಒಂದು ಪಾಲು ಬರಿಯ ಶಾಖವಾಗಿ ಹೋಗಬೇಕು. ಮೋಟಾರಿನ ಇಂಗಾಲದ ಬ್ರಷ್ಷುಗಳು ಸವೆಯುವುವು; ಅವು ಉಜ್ಜುವ ತಾಮ್ರದ ಭಾಗವನ್ನು ಪುಟ್ಟ ಲೇತಿನಲ್ಲಿ ಹೆರೆದು ನಯಗೊಳಿಸಬೇಕು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಆರು ಕೋಶಗಳು ಕೂಡಿ ಕೊಡುತ್ತಿದ್ದುದು ೭.೨ ವೋಲ್ಟು. ಆತುರಗಾರ ಕೊನೆಯ ಸುತ್ತಿಗೆ ಮೊದಲೇ ನಿಂತುಬಿಡುವನು. ಜಿಪುಣ ಹಿಂದೆ ಬೀಳುವನು. ಪಂದ್ಯ ಅರ್ಧ ಓಟ, ಅರ್ಧ ಲೆಕ್ಕ.

ಈ ತೊಡಕುಗಳನ್ನು ಇಲೆಕ್ಟ್ರಾನಿಕ್ಸ್ ಒಂದೊಂದಾಗಿ ಬಿಡಿಸಿತು. ೧೯೮೦ರ ದಶಕದಲ್ಲಿ ಕಡ್ಡಿ ಹೋಗಿ, ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಬಿಟ್ಟು ಹಿಡಿಯುವ ಟ್ರಾನ್ಸಿಸ್ಟರಿನ ವೇಗನಿಯಂತ್ರಕ ಬಳಕೆಗೆ ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಬ್ರಷ್ಷಿಲ್ಲದ ಮೋಟಾರೂ ಲಿಥಿಯಂ ಬ್ಯಾಟರಿಯೂ ಹರಡಿದವು. ಅದೇ ಕಾಲಕ್ಕೆ ೨.೪ ಗಿಗಾಹರ್ಟ್ಸ್ ರೇಡಿಯೋ ಸ್ಫಟಿಕದ ಜಗಳವನ್ನೇ ತೀರಿಸಿತು. ಪ್ರೇಷಕವೂ ಗ್ರಾಹಕವೂ ಗುರುತಿನ ಸಂಖ್ಯೆಯಿಂದ ಒಂದನ್ನೊಂದು ಬಲ್ಲವು. ಅನ್ಯರ ಮಾತಿಗೆ ಕಿವಿಗೊಡವು. ಇಂಥ ರೇಡಿಯೋಗಳಲ್ಲಿ ಅನೇಕವು ದಾರಿಯಿಂದ ದಾರಿಗೆ ಜಿಗಿಯುತ್ತ ಮಾತನಾಡುತ್ತವೆ. ಹೀಗೆ ಜಿಗಿಯುವ ಉಪಾಯವೊಂದಕ್ಕೆ ೧೯೪೨ರಲ್ಲೇ ಪೇಟೆಂಟು ಪಡೆದವರಲ್ಲಿ ಒಬ್ಬಳು ಚಿತ್ರನಟಿ ಹೆಡಿ ಲಮಾರ್, ಇನ್ನೊಬ್ಬ ಸಂಗೀತಗಾರ ಜಾರ್ಜ್ ಆಂಥೈಲ್ ಎಂದರೆ ವಾಚಕರಿಗೆ ಸೋಜಿಗವಾದೀತು. ಅವರು ನೆನೆದುದು ಆಟಿಕೆಯನ್ನಲ್ಲ, ಶತ್ರುವಿನ ಹಡಗನ್ನು ಮುಳುಗಿಸುವ ಟಾರ್ಪೆಡೋವನ್ನು. ಸುತ್ತುಗಳನ್ನು ಎಣಿಸುವ ಕೆಲಸವೂ ಮನುಷ್ಯರ ಕಣ್ಣಿನಿಂದ, ಹಾದಿಯ ಕೆಳಗಿನ ತಂತಿಗೂ ಕಾರಿನೊಳಗಿನ ಪುಟ್ಟ ಪ್ರೇಷಕಕ್ಕೂ ವರ್ಗವಾಯಿತು.

ಇಷ್ಟೆಲ್ಲ ಸುಲಭವಾದ ಮೇಲೆ ಆಟದ ಸ್ವಾರಸ್ಯ ಉಳಿಯಿತೆ? ಲೇತಿನ ಮುಂದೆ ಕೂತು ಮೋಟಾರಿಗೆ ಜೀವ ತುಂಬುತ್ತಿದ್ದ ಕೈಗಾರಿಕೆ ಬಹುಮಟ್ಟಿಗೆ ಮರೆಯಾಯಿತು; ಅದು ನಷ್ಟವೇ ಸರಿ. ಲಿಥಿಯಂ ಬ್ಯಾಟರಿಯನ್ನು ಉದಾಸೀನದಿಂದ ಚಾರ್ಜು ಮಾಡಿದರೆ ಬೆಂಕಿಯ ಭಯವೂ ಉಂಟು. ಆದರೆ ಹಿಂದೆ ಸೋತವನು ತನ್ನ ಕೈಯನ್ನು ದೂರಬೇಕೋ ಪಕ್ಕದವನ ಸ್ಫಟಿಕವನ್ನು ದೂರಬೇಕೋ ತಿಳಿಯದೆ ಮನೆಗೆ ಹೋಗುತ್ತಿದ್ದನು. ಈಗ ಆ ನೆಪ ಇಲ್ಲ. ಸೋಲು ಬಹುಪಾಲು ತನ್ನದೇ. ಆದಕಾರಣ ಗೆಲುವೂ ತನ್ನದೇ.

ಒಂದು ಕಷ್ಟವನ್ನು ಮಾತ್ರ ಯಾವ ಯಂತ್ರವೂ ನೀಗಿಸಿಲ್ಲ. ಕಾರು ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲವೇ. ನಮ್ಮೆದುರಿಗೆ ತಿರುಗಿ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಕ್ಷಣಾರ್ಧದಲ್ಲಿ ಮನಸ್ಸು ಅದಲುಬದಲಾಗಬೇಕು. ಜಾರುವ ಕಾರನ್ನು ತಾನೇ ಸರಿಪಡಿಸುವ ಗೈರೋ ಉಪಕರಣ ಸಿಕ್ಕುತ್ತದಾದರೂ ಎಷ್ಟೋ ಪಂದ್ಯಗಳ ನಿಯಮಾವಳಿ ಅದನ್ನು ನಿಷೇಧಿಸಿದೆ. ಸೌಕರ್ಯ ಇಲ್ಲಿಯವರೆಗೆ ಸಾಕು, ಮುಂದಿನದು ಆಟಗಾರನದು ಎಂದು ಆಟವಾಡುವವರೇ ಗೆರೆ ಎಳೆದುಕೊಂಡಿರುವುದು ಮೆಚ್ಚತಕ್ಕ ವಿವೇಕ.