ಸೀಮೆಎಣ್ಣೆಯ ಡಬ್ಬ ಮತ್ತು ದೀಪ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಕನ್ನಡನಾಡಿನ ಮನೆಗಳ ಹಣತೆಯಲ್ಲಿ ಉರಿಯುತ್ತಿದ್ದುದು ಹರಳೆಣ್ಣೆ, ಹೊಂಗೆಎಣ್ಣೆ, ಹಿಪ್ಪೆಎಣ್ಣೆ. ಗಾಣದ ಈ ಎಣ್ಣೆಗಳ ಜಾಗಕ್ಕೆ ಬಂದದ್ದು ಹಡಗಿನಲ್ಲಿ ಸಾಗಿಬಂದ ಸೀಮೆಎಣ್ಣೆ. ಮೊದಲು ಅಮೆರಿಕದ್ದು, ಬಳಿಕ ಬಾಕುವಿನ ರಷ್ಯನ್ ಎಣ್ಣೆ, ಮುಂದೆ ಬರ್ಮಾದ್ದು. 1892ರಲ್ಲಿ ಮ್ಯೂರೆಕ್ಸ್ ಎಂಬ ಟ್ಯಾಂಕರ್ ಹಡಗು ಸೂಯೆಜ್ ಕಾಲುವೆಯನ್ನು ದಾಟಿದ ಮೇಲೆ ಸಗಟು ಸಾಗಣೆ ಅಗ್ಗವಾಯಿತು.

ಆದರೂ ಹಳ್ಳಿಯನ್ನು ತಲುಪಿದ್ದು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕದ ತಗಡಿನ ಡಬ್ಬ. ಒಳಗಿನ ಎಣ್ಣೆಯಷ್ಟೇ ಬೆಲೆಯುಳ್ಳ ವಸ್ತು ಅದು ಎನ್ನಬೇಕು. ಬರಿದಾದ ಡಬ್ಬಕ್ಕೆ ಮರದ ಹಿಡಿ ಜೋಡಿಸಿದರೆ ನೀರು ಸೇದುವ, ಹೊರುವ ಪಾತ್ರೆ. ಮುಚ್ಚಳವಿಟ್ಟರೆ ಕಾಳುಕಡಿ ತುಂಬುವ ಡಬ್ಬಿ. ಬಿಡಿಸಿ ಬಡಿದರೆ ಸೂರಿಗೆ ಹೊದಿಸುವ ತಗಡು. ಊರಿನ ತಗಡು ಕೆಲಸಗಾರರು ಅದರಿಂದಲೇ ಬುಡ್ಡಿದೀಪ, ಲಾಳಿಕೆಗಳನ್ನು ಮಾಡಿ ಬದುಕು ಕಟ್ಟಿಕೊಂಡರು.

ದೀಪಗಳೂ ಬದಲಾದವು. ಗಾಳಿಗೆ ಆರದ ಲಾಟೀನು ಹೊಲಗದ್ದೆಗೆ ಹೋಯಿತು. ದೊಂದಿಯ ಬೆಳಕಿನಲ್ಲಿ ನಡೆಯುತ್ತಿದ್ದ ಯಕ್ಷಗಾನಕ್ಕೆ ಗ್ಯಾಸ್‌ಲೈಟು ಬಂತು. ಇದು ಸಣ್ಣ ಬದಲಾವಣೆಯಲ್ಲ: ಬಿಳಿಯ ಪ್ರಖರ ಬೆಳಕಿನಲ್ಲಿ ಮುಖವರ್ಣಿಕೆಯ ಬಣ್ಣಗಳೇ ಬೇರೆಯಾಗಿ ಕಾಣತೊಡಗಿದವು. ಬೆಂಗಳೂರಿನ ಬೀದಿಗಳಲ್ಲಿ ಸೀಮೆಎಣ್ಣೆ ದೀಪಗಳ ಬದಲು ವಿದ್ಯುದ್ದೀಪಗಳು ಮೊದಲು ಬೆಳಗಿದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ.

ಮುಂದೆ ಪಂಪ್ ಸ್ಟೌ ಮತ್ತು ಬತ್ತಿ ಸ್ಟೌಗಳ ಮೂಲಕ ಸೀಮೆಎಣ್ಣೆ ಅಡುಗೆಮನೆಯನ್ನೂ ಸೇರಿತು. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಹಿಡಿದ ಸಾಲುಗಳು ದಶಕಗಳ ಕಾಲ ಸಾಮಾನ್ಯವಾಗಿದ್ದವು. ಪಡಿತರದ ಎಣ್ಣೆ ಕಾಳಸಂತೆಗೆ ಹೋಗದಂತೆ ಅದಕ್ಕೆ ನೀಲಿ ಬಣ್ಣ ಬೆರೆಸಲಾಗುತ್ತಿತ್ತು. ಗ್ರಾಮೀಣ ವಿದ್ಯುದೀಕರಣ ಮತ್ತು ಅಡುಗೆ ಅನಿಲದ ಸಿಲಿಂಡರ್ ಹರಡಿದಂತೆ ಈ ಬಳಕೆ ಕುಗ್ಗಿತು.